ದವಾಖಾನೆಯ ಖರ್ಚು ಯಾರ ಕಿಸೆಯಿಂದ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಬಂಧುಗಳೇ,

ರಾತ್ರಿ ಯಾರಿಗಾದರೂ ಎದೆನೋವು ಬಂದರೆ ನಮ್ಮ ಊರುಗಳಲ್ಲಿ ಮೊದಲು ಕೇಳುವ ಮಾತು ‘ಮಿರಜಕ್ಕ ಒಯ್ಯಿರಿ’. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಆ ಊರಲ್ಲಿ 1894ರಲ್ಲಿ ಮಿಷನರಿ ವೈದ್ಯ ಡಾ. ವಿಲಿಯಂ ವಾನ್ಲೆಸ್ ದವಾಖಾನೆ ಕಟ್ಟಿದರು. ಅಂದಿನಿಂದ ಮಿರಜ ಗಡಿಭಾಗದ ಜನರಿಗೆ ಆಸರೆಯಾಗಿದೆ. ಕಾಗವಾಡಕ್ಕೆ, ಅಥಣಿಗೆ ಬೆಳಗಾವಿಗಿಂತ ಅದೇ ಹತ್ತಿರ. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ದೊಡ್ಡ ಬೇನೆ ಹೊಕ್ಕ ಮನೆಯಲ್ಲಿ ಇಂದು ಕಬ್ಬಿನ ಬಿಲ್ಲು ಸಾಲದೆ ಎಮ್ಮೆ ಮಾರುತ್ತಾರೆ, ಹೊಲ ಒತ್ತಿ ಇಡುತ್ತಾರೆ.

ಹೀಗೇ ಆಗಬೇಕೆಂದಿಲ್ಲ; ಬೇರೆ ದೇಶಗಳ ಲೆಕ್ಕ ನೋಡಿ. ಅಮೆರಿಕ ತನ್ನ ಜಿಡಿಪಿಯ ಸುಮಾರು ಶೇ. 17ರಷ್ಟನ್ನು ಆರೋಗ್ಯಕ್ಕೆ ಸುರಿಯುತ್ತದೆ, ಜಪಾನ್ ಸುಮಾರು ಶೇ. 11. ಆದರೂ ಹೆಚ್ಚು ಕಾಲ ಬಾಳುವವರು ಜಪಾನಿನವರೇ. ಥಾಯ್ಲೆಂಡಿನ ಖರ್ಚು ಶೇ. 5ರ ಆಸುಪಾಸು. ಆದರೆ ಆ ದೇಶ ಮೊದಲು ಹಳ್ಳಿಗಾಡಿನಲ್ಲಿ ದವಾಖಾನೆಗಳನ್ನು ಕಟ್ಟಿ, 2002ರಲ್ಲಿ ಎಲ್ಲ ಪ್ರಜೆಗಳ ಚಿಕಿತ್ಸೆಯ ಹೊಣೆ ಹೊತ್ತಿತು. ಅಲ್ಲಿ ನೂರು ರೂಪಾಯಿ ಖರ್ಚಿನಲ್ಲಿ ರೋಗಿಯ ಕೈಯಿಂದ ಹೋಗುವುದು ಹತ್ತರ ಹತ್ತಿರ. ನಮ್ಮ ದೇಶದಲ್ಲಿ 2013-14ರಲ್ಲಿ 64 ಹೋಗುತ್ತಿತ್ತು, 2021-22ರಲ್ಲಿ 39ಕ್ಕೆ ಇಳಿದಿದೆ. ಇದು ಸಮಾಧಾನದ ಸಂಗತಿ, ಆದರೆ ಸಾಲದು. 2025ರೊಳಗೆ ಸರಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ. 2.5 ಮುಟ್ಟಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021-22ರಲ್ಲಿ ಅದು ಶೇ. 1.84 ಇತ್ತು. ದೇಶ ಎಷ್ಟು ಖರ್ಚು ಮಾಡುತ್ತದೆ ಎಂಬುದಕ್ಕಿಂತ ಆ ಹಣ ಯಾರ ಕಿಸೆಯಿಂದ ಬರುತ್ತದೆ, ಎಲ್ಲಿಗೆ ತಲುಪುತ್ತದೆ ಎಂಬುದೇ ಬಡವರ ಬದುಕನ್ನು ನಿರ್ಧರಿಸುತ್ತದೆ.

ಅದಕ್ಕಾಗಿ ನಿಮ್ಮಲ್ಲಿ ಕೈಮುಗಿದು ಕೇಳುವುದು ಎರಡು ಮಾತು.

ಮೊದಲನೆಯದು, ಬೇನೆ ಬರುವ ಮೊದಲೇ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ತುರ್ತು ಪ್ರಸಂಗ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಹೋಗುವಾಗ ಸರಕಾರಿ ದವಾಖಾನೆಯಿಂದ ರೆಫರಲ್ ಚೀಟಿ ಬೇಕು. ಯಾವ ದವಾಖಾನೆಯಲ್ಲಿ ಕಾರ್ಡ್ ನಡೆಯುತ್ತದೆ ಎಂದು ದವಾಖಾನೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ಕೇಳಿಕೊಂಡೇ ಹೊರಡಿ. ಸಹಕಾರಿ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ.

ಎರಡನೆಯದು, ತಾಲೂಕು ದವಾಖಾನೆಯನ್ನು ನಮ್ಮದೆಂದು ತಿಳಿದು ಪ್ರಶ್ನೆ ಕೇಳಿ. ತಜ್ಞ ವೈದ್ಯರ ಹುದ್ದೆ ಎಷ್ಟು ಖಾಲಿ ಇವೆ? ರಾತ್ರಿ ಹೆರಿಗೆಗೆ ಅರಿವಳಿಕೆ ವೈದ್ಯರು ಇದ್ದಾರೆಯೇ? ಔಷಧಿ ಹೊರಗೆ ಕೊಳ್ಳಲು ಏಕೆ ಬರೆಯುತ್ತಾರೆ? ಗ್ರಾಮಸಭೆಯಲ್ಲಿ ಠರಾವು ಮಾಡಿ ಆರೋಗ್ಯ ರಕ್ಷಾ ಸಮಿತಿಗೆ, ಶಾಸಕರಿಗೆ ಕಳಿಸಿ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರೂ ಕಬ್ಬು ಕಡಿಯುವ ಕೂಲಿಕಾರರೂ ಆ ಸಭೆಯಲ್ಲಿ ಮಾತಾಡಲಿ.

ರಸ್ತೆಗಾಗಿ, ನೀರಿಗಾಗಿ ನಾವು ಒಟ್ಟಾಗಿ ಧ್ವನಿ ಎತ್ತಿದ್ದೇವೆ. ದವಾಖಾನೆಗಾಗಿಯೂ ಎತ್ತೋಣ. ಮುಂದಿನ ಗ್ರಾಮಸಭೆಗೆ ದಯವಿಟ್ಟು ಮನೆಗೊಬ್ಬರಾದರೂ ಬನ್ನಿ.