ರೋಬೋಟ್ ಆಗುವ ವಿಮಾನ ಎಷ್ಟು ದೊಡ್ಡದಿರಬೇಕು?

ಗೆಳೆಯ ಗೆಳತಿಯರೇ, ಹೋದ ಸಂಚಿಕೆಯಲ್ಲಿ ಎಲ್ಲರೂ ಗಿಡ ಮರದ ಬಗ್ಗೆ ಬರೆದಿದ್ದರು. ನಾನು ಈ ಸಲ ಒಂದು ಜಗಳದ ಬಗ್ಗೆ ಬರೆಯುತ್ತೇನೆ. ನಮ್ಮ ತರಗತಿಯಲ್ಲಿ ಎರಡು ವಾರದಿಂದ ನಡೆದಿರುವ ಈ ಜಗಳ ನಿಮಗೆಲ್ಲ ಗೊತ್ತೇ ಅದ. ವಿಜ್ಞಾನ ವಸ್ತು ಪ್ರದರ್ಶನಕ್ಕೆ ನಾವು ರಟ್ಟಿನಿಂದ ಒಂದು ಜೆಟ್ ವಿಮಾನ ಮಾಡಬೇಕು. ಮಡಚಿದರೆ ಅದು ರೋಬೋಟ್ ಆಗಿ ನಿಲ್ಲಬೇಕು. ಅದು ಎಷ್ಟು ದೊಡ್ಡದಿರಬೇಕು ಎಂಬುದೇ ಜಗಳ.

ಈ ವಿಚಾರ ಎಲ್ಲಿಂದ ಬಂತು ಎಂದರೆ ಅಮರೇಶ್ವರ ಜಾತ್ರೆಯಿಂದ. ಜಾತ್ರೆಯಲ್ಲಿ ನನ್ನ ತಮ್ಮ ಅತ್ತು ಕರೆದು ಒಂದು ಪ್ಲಾಸ್ಟಿಕ್ ಆಟಿಕೆ ಕೊಡಿಸಿಕೊಂಡ. ಅದು ವಿಮಾನ. ರೆಕ್ಕೆ ಹಿಂದೆ ತಿರುವಿ ಬಾಲ ಕೆಳಗೆ ಎಳೆದರೆ ಎರಡು ಕಾಲು ಬಂದು ರೋಬೋಟ್ ಆಗುತ್ತದೆ. ಅವನು ಅದನ್ನು ಶಾಲೆಗೆ ತಂದ. ಎಲ್ಲರೂ ಕೈ ಹಾಕಿ ನೋಡಿದರು, ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಕಾಲು ಮುರಿಯಿತು. ಆದರೆ ನಮ್ಮ ವಿಜ್ಞಾನದ ಗುರುಗಳು ಬೈಯಲಿಲ್ಲ. "ಇದನ್ನ ನೀವೇ ಮಾಡ್ರಿ. ಆದ್ರ ನಮ್ಮ ಬೀದರದ ವಿಮಾನ ಮಾಡ್ರಿ" ಎಂದರು.

ಬೀದರದ ವಿಮಾನ ಎಂದರೆ ಸೂರ್ಯಕಿರಣ. ನಮ್ಮ ಔರಾದಿನಿಂದ ಬೀದರ ಸುಮಾರು 40 ಕಿಲೋಮೀಟರ್. ಅಲ್ಲಿ ವಾಯುಸೇನೆಯ ದೊಡ್ಡ ತರಬೇತಿ ಕೇಂದ್ರ ಅದ. 1996ರಲ್ಲಿ ಅಲ್ಲಿಯೇ ಸೂರ್ಯಕಿರಣ ತಂಡ ಶುರುವಾಯಿತು. ಮೊದಲು ಕಿರಣ್ ಎಂಬ ವಿಮಾನ ಹಾರಿಸುತ್ತಿದ್ದರು. 2011ರ ನಂತರ ಕೆಲವು ವರ್ಷ ತಂಡ ನಿಂತಿತ್ತು. ಆಮೇಲೆ ಹಾಕ್ ಎಂಬ ವಿಮಾನದ ಮೇಲೆ ಮತ್ತೆ ಶುರುವಾಯಿತು. ಒಂಬತ್ತು ವಿಮಾನ ಒಂದಕ್ಕೊಂದು ತಾಗುವ ಹಾಗೆ ಹತ್ತಿರ ಹತ್ತಿರ ಹಾರುತ್ತವೆ. ಹಾಕ್ ಉದ್ದ 12.43 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9.94 ಮೀಟರ್. ಕಿರಣ್ ಉದ್ದ 10.60 ಮೀಟರ್. ಈ ಮೂರು ಸಂಖ್ಯೆ ನೆನಪಿಡಿರಿ, ಮುಂದೆ ಬೇಕಾಗುತ್ತವೆ.

ಈಗ ಜಗಳಕ್ಕೆ ಬರೋಣ. ಮೊದಲು ನಮ್ಮಲ್ಲಿ ಮೂರು ಗುಂಪು ಆದವು. ಒಂದು ಗುಂಪು 1/24ರಲ್ಲಿ ಹಾಕ್ ಮಾಡಿತು. 1/24 ಎಂದರೆ ನಿಜವಾದ ವಿಮಾನದ 24 ಭಾಗದಲ್ಲಿ ಒಂದು ಭಾಗ. ಸಮಾಜ ಪಾಠದಲ್ಲಿ ನಕಾಶೆಗೆ ಅಳತೆ ಇರುತ್ತದಲ್ಲ, ಹಾಗೆಯೇ. ಆ ಹಾಕ್ 52 ಸೆಂ.ಮೀ. ಉದ್ದ ಆಯಿತು. ಎರಡನೇ ಗುಂಪು 1/144ರಲ್ಲಿ ಹಾಕ್ ಮಾಡಿತು. ಅದು 8.6 ಸೆಂ.ಮೀ., ಅಂದರೆ ಒಂದು ಸಣ್ಣ ಪೆನ್ಸಿಲಿನಷ್ಟು. ಮೂರನೇ ಗುಂಪು 1/48ರಲ್ಲಿ ಹಳೆಯ ಕಿರಣ್ ಮಾಡಿತು. ಅದು 22 ಸೆಂ.ಮೀ. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟೆವು.

ಆಗ ನಾಲ್ಕನೇ ತರಗತಿಯ ಹುಡುಗರು ನೋಡಲು ಬಂದರು. ಒಬ್ಬ ಹುಡುಗ 22 ಸೆಂ.ಮೀ. ಕಿರಣ್ ನೋಡಿ, ಪಕ್ಕದ ಪೆನ್ಸಿಲಿನಷ್ಟು ಹಾಕ್ ನೋಡಿ, "ಅಕ್ಕಾ, ಹಳೇ ವಿಮಾನ ಭಾಳ ದೊಡ್ಡದ್ ಇತ್ತೇನು? ಹೊಸದು ಯಾಕ ಇಷ್ಟ್ ಸಣ್ಣದ್ ಮಾಡ್ಯಾರ?" ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವನು ತಪ್ಪು ಕೇಳಲಿಲ್ಲ. ಅವನ ಕಣ್ಣಿಗೆ ಕಂಡದ್ದು ಕೇಳಿದ. ಖರೆ ಹೇಳಬೇಕೆಂದರೆ ಹಾಕ್ ಕಿರಣ್‌ಗಿಂತ ಸುಮಾರು ಎರಡು ಮೀಟರ್ ಉದ್ದ ಅದ. ನಮ್ಮ ಮೇಜು ಅವನಿಗೆ ಸುಳ್ಳು ಹೇಳಿತು. ನಾವು ಕಷ್ಟಪಟ್ಟು ಸುಳ್ಳು ಮಾಡಿದ ಹಾಗಾಯಿತು.

ಅಂದೇ ನನಗೆ ಅನಿಸಿತು. ಯಾವ ಅಳತೆಯಾದರೂ ಇರಲಿ, ಮೊದಲು ಎಲ್ಲರಿಗೂ ಒಂದೇ ಅಳತೆ ಇರಬೇಕು.

ಹೈದರಾಬಾದದಲ್ಲಿ ಕಾಲೇಜು ಓದುವ ನಮ್ಮ ಮಾಮಾನ ಮಗನಿಗೆ ಇಂಥ ಆಟಿಕೆ ಕೂಡಿಸುವ ಹುಚ್ಚು. ಹಬ್ಬಕ್ಕೆ ಬಂದಾಗ ಒಂದು ಡಬ್ಬಿ ತಂದಿದ್ದ. ಅದರ ಮೇಲೆ 1/60 ಎಂದು ಬರೆದಿತ್ತು. ನಾನು ಅದು ಬೆಲೆಯೋ ತಾರೀಖೋ ಎಂದುಕೊಂಡಿದ್ದೆ. ಅವನು ಎಲ್ಲಾ ವಿವರಿಸಿ ಹೇಳಿದ. ಜಪಾನಿನಲ್ಲಿ ಮ್ಯಾಕ್ರಾಸ್ ಎಂಬ ಟಿವಿ ಕಥೆ ಇತ್ತು. ಅದರಲ್ಲಿ ವಾಲ್ಕಿರಿ ಎಂಬ ಜೆಟ್ ವಿಮಾನ ರೋಬೋಟ್ ಆಗುತ್ತದೆ. ಅದರ ಎರಡು ಇಂಜಿನ್ ಎರಡು ಕಾಲಾಗುತ್ತವೆ. ಟಕಾಟೋಕು ಎಂಬ ಕಂಪನಿ 1982ರಲ್ಲಿ ಅದರ ಆಟಿಕೆಯನ್ನು 1/55 ಅಳತೆಯಲ್ಲಿ ಮಾಡಿತು. 1985ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಅದನ್ನೇ ಜೆಟ್‌ಫೈರ್ ಎಂಬ ಹೆಸರಿನಿಂದ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಜೊತೆ ಮಾರಿತು. ಆಮೇಲೆ ಅದೇ ವಾಲ್ಕಿರಿ 1/60, 1/48 ಅಳತೆಗಳಲ್ಲಿಯೂ ಬಂತು.

ಅವನು ಇನ್ನೊಂದು ಮಾತು ಹೇಳಿದ. ಟ್ರಾನ್ಸ್‌ಫಾರ್ಮರ್ಸ್ 1984ರಲ್ಲಿ ಬಂದಾಗ ಅದರಲ್ಲಿ ಕಾರ್ ಆಗುವ ರೋಬೋಟ್ ಇದ್ದವು, ಎಫ್-15 ವಿಮಾನ ಆಗುವ ರೋಬೋಟ್ ಸಹ ಇದ್ದವು. ನಿಜವಾದ ಎಫ್-15 ಸುಮಾರು 19 ಮೀಟರ್ ಉದ್ದ. ಕಾರ್ ನಾಲ್ಕೈದು ಮೀಟರ್. ಆದರೆ ಆಟಿಕೆಗಳು ಹೆಚ್ಚು ಕಡಿಮೆ ಒಂದೇ ಗಾತ್ರ! ನಮ್ಮ ಮೇಜಿನ ಮೇಲೆ ಆದ ತಪ್ಪು ದೊಡ್ಡ ಕಂಪನಿಗಳಲ್ಲಿಯೂ ಆಗುತ್ತದೆ ಎಂದು ಕೇಳಿ ನನಗೆ ಸ್ವಲ್ಪ ಸಮಾಧಾನ ಆಯಿತು. "ಆಡ್ಲಾಕ್ ಆದ್ರ ನಡೀತದ. ಸಾಲಾಗಿ ಇಡ್ಲಾಕ್ ಆದ್ರ ಒಂದೇ ಅಳತಿ ಹಿಡಿಬೇಕ್ ತಂಗಿ" ಎಂದ.

ಹಾಗಾದರೆ ಯಾವುದು ಆ ಒಂದೇ ಅಳತೆ? ದೊಡ್ಡದೇ ಒಳ್ಳೆಯದು ಎಂದು ಹುಡುಗರು ಹೇಳುತ್ತಾರೆ. "ದೂರದಿಂದ ಕಾಣ್ತದ, ಬಹುಮಾನ ಬರ್ತದ" ಎನ್ನುತ್ತಾರೆ. ಅದು ಸುಳ್ಳಲ್ಲ. 52 ಸೆಂ.ಮೀ. ಹಾಕ್ ವಿಮಾನವಾಗಿ ಮಲಗಿದ್ದಾಗ ಬಹಳ ಚಂದ ಕಾಣುತ್ತಿತ್ತು. ರೋಬೋಟ್ ಮಾಡಿ ನಿಲ್ಲಿಸಿದಾಗ ಮಾತ್ರ ಸೊಂಟದ ಹತ್ತಿರ ಬಾಗಿ, ಮುಪ್ಪಾದ ಮುತ್ಯಾನ ಹಾಗೆ ನಿಧಾನಕ್ಕೆ ಕುಂತುಬಿಟ್ಟಿತು. ಆಮೇಲೆ ಕೀಲು ಕಿತ್ತು ಬಂತು.

ಯಾಕೆ ಹೀಗಾಯಿತು? ನಾನು ಲೆಕ್ಕ ಮಾಡಿದೆ. 1/48 ಮತ್ತು 1/24 ಹೋಲಿಸಿ ನೋಡಿರಿ. ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು. ದೊಡ್ಡದು ಮೆತ್ತಗಾಗುತ್ತದೆ ಎಂದು ರಟ್ಟನ್ನೂ ಎರಡು ಪಟ್ಟು ದಪ್ಪ ಹಾಕಿದ್ದರು. 2×2×2 ಅಂದರೆ ತೂಕ 8 ಪಟ್ಟು ಆಯಿತು. ಆದರೆ ಕೀಲಿಗೆ ಹಾಕಿದ್ದು ಅದೇ ತೆಳ್ಳಗಿನ ಸೈಕಲ್ ಸ್ಪೋಕ್! 8 ಪಟ್ಟು ಭಾರ ಅದು ಹೇಗೆ ಹೊತ್ತೀತು? ಗೆಲಿಲಿಯೋ 1638ರಲ್ಲಿಯೇ ತನ್ನ ಪುಸ್ತಕದಲ್ಲಿ ಇದನ್ನು ಹೇಳಿದ್ದಾನೆ ಎಂದು ಗುರುಗಳು ತಿಳಿಸಿದರು. ಸಣ್ಣ ಪ್ರಾಣಿಯ ಎಲುಬನ್ನು ಅದೇ ಆಕಾರದಲ್ಲಿ ದೊಡ್ಡದು ಮಾಡಿದರೆ ದೊಡ್ಡ ಪ್ರಾಣಿಯನ್ನು ಹೊರುವುದಿಲ್ಲ, ಇನ್ನೂ ದಪ್ಪ ಆಗಬೇಕು. ಆನೆಯ ಕಾಲು ಜಿಂಕೆಯ ಕಾಲಿನ ಹಾಗೆ ಯಾಕಿಲ್ಲ ಎಂದರೆ ಇದಕ್ಕೇ.

ಜಪಾನಿನ ಒಳ್ಳೆಯ ಆಟಿಕೆಗಳಲ್ಲಿ ಕೆಲವು ಭಾಗ ಲೋಹದ್ದು ಇರುತ್ತವೆ. ಆ ಲೋಹದಲ್ಲಿ ಹೆಚ್ಚಿನ ಪಾಲು ಸತು. ನಮ್ಮ ಬೀದರದ ಬಿದ್ರಿ ಸಾಮಾನು ಕೂಡ ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದದ್ದೇ. ಬಿದ್ರಿಯ ಒಂದು ಸಣ್ಣ ಹೂದಾನಿ ಕೈಯಲ್ಲಿ ಹಿಡಿದು ನೋಡಿರಿ, ಎಷ್ಟು ಭಾರ ಎಂದು ತಿಳಿಯುತ್ತದೆ. ಅಂಥ ಭಾರದ ಆಟಿಕೆ ದೊಡ್ಡದು ಮಾಡಿದಷ್ಟೂ ಕೀಲು ಗಟ್ಟಿ ಬೇಕು, ಬೆಲೆಯೂ ಏರುತ್ತದೆ.

ಹಾಗಂತ ಬಹಳ ಸಣ್ಣದೂ ಬೇಡ. ಖೋಕಾದ ರಟ್ಟು ಸುಮಾರು 3 ಮಿ.ಮೀ. ದಪ್ಪ. 1/144ರಲ್ಲಿ ಅದರಿಂದ ರೆಕ್ಕೆ ಮಾಡಿದರೆ ನಿಜದಲ್ಲಿ 43 ಸೆಂ.ಮೀ. ದಪ್ಪದ ರೆಕ್ಕೆ ಆದ ಹಾಗೆ. ರೆಕ್ಕೆಯಲ್ಲ, ಗೋಡೆ! ಮಡಚಲು ಹೋದರೆ ಬೆರಳೇ ಹಿಡಿಸುವುದಿಲ್ಲ. ಮತ್ತೆ ಅದರಲ್ಲಿ ಕೂಡಿಸುವ ಪೈಲಟ್ 170 ಸೆಂ.ಮೀ. ಎತ್ತರದವನು ಎಂದು ಹಿಡಿದರೆ 1.2 ಸೆಂ.ಮೀ. ಆಗುತ್ತಾನೆ. ಅವನಿಗೆ ಕಣ್ಣು ಮೂಗು ಬರೆಯುವುದು ಎಲ್ಲಿ? ಆ ಗುಂಪಿನವರು ಪೈಲಟನನ್ನೇ ಬಿಟ್ಟರು. ಜನ ಇಲ್ಲದ ವಿಮಾನ ನೋಡಿದರೆ ಅದು ಎಷ್ಟು ದೊಡ್ಡದು ಎಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಕಣ್ಣು ಮೊದಲು ಮನುಷ್ಯನನ್ನು ಹುಡುಕುತ್ತದೆ, ಆಮೇಲೆ ಉಳಿದದ್ದನ್ನು ಅಳೆಯುತ್ತದೆ.

ಇನ್ನು ಉಳಿದದ್ದು ನಡುವಿನವು: 1/72, 1/60, 1/48.

ನಮ್ಮ ಓಣಿಯ ಬಡಿಗೇರ ಕಾಕಾ 1/72 ಒಳ್ಳೆಯದು ಎನ್ನುತ್ತಾರೆ. ಅವರದು ಫೂಟು ಇಂಚಿನ ಲೆಕ್ಕ. 6 ಫೂಟಿಗೆ 72 ಇಂಚು, ಆದ್ದರಿಂದ 6 ಫೂಟಿನ ಮನುಷ್ಯ ಸರಿಯಾಗಿ ಒಂದು ಇಂಚು ಆಗುತ್ತಾನೆ. ಅಂಗಡಿಯಲ್ಲಿ ಸಿಗುವ ಜೋಡಿಸುವ ವಿಮಾನಗಳಲ್ಲಿ 1/72 ಬಹಳ ಹಳೆಯ ಅಳತೆ. ಅದರಲ್ಲಿ ನಮ್ಮ ಹಾಕ್ 17 ಸೆಂ.ಮೀ. ಆಗುತ್ತದೆ. ಬರೀ ವಿಮಾನ ಮಾಡಿ ಕಪಾಟಿನಲ್ಲಿ ಇಡುವುದಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಮ್ಮದು ಮಡಚುವ ವಿಮಾನ. ಅದೂ ಅಲ್ಲದೆ ಹಾಕ್‌ಗೆ ಒಂದೇ ಇಂಜಿನ್. ವಾಲ್ಕಿರಿಯ ಹಾಗೆ ಎರಡು ಇಂಜಿನ್ ಎರಡು ಕಾಲು ಮಾಡಲು ಬರುವುದಿಲ್ಲ. ಹಿಂದಿನ ಅರ್ಧ ಮೈಯನ್ನು ಉದ್ದಕ್ಕೆ ಸೀಳಿ ಕಾಲು ಮಾಡಬೇಕು. 1/72ರಲ್ಲಿ ಆ ಕಾಲು ಬಹಳ ತೆಳ್ಳಗೆ ಆಗುತ್ತದೆ, ನಿಲ್ಲುವುದಿಲ್ಲ. ನಾನು ಮಾಡಿ ನೋಡಿದ್ದೇನೆ.

1/48 ಚಲೋ ಅದ. ಹಾಕ್ 26 ಸೆಂ.ಮೀ., ಕಾಲೂ ಗಟ್ಟಿ. ಆದರೆ ಸೂರ್ಯಕಿರಣ ಎಂದರೆ ಒಂಬತ್ತು ವಿಮಾನ. ಒಂಬತ್ತರ ರೆಕ್ಕೆ ಸಾಲಾಗಿ ಇಟ್ಟರೆ 186 ಸೆಂ.ಮೀ. ಬೇಕು. ಪ್ರದರ್ಶನದಲ್ಲಿ ಒಂದು ಶಾಲೆಗೆ ಕೊಡುವುದು ಒಂದೇ ಮೇಜು, ಅದು 5 ಫೂಟು, ಅಂದರೆ 152 ಸೆಂ.ಮೀ.

1/60ರಲ್ಲಿ ಹಾಕ್ 20.7 ಸೆಂ.ಮೀ. ರೆಕ್ಕೆ 16.6 ಸೆಂ.ಮೀ. ಒಂಬತ್ತು ಸಾಲಾಗಿ ಇಟ್ಟರೆ 149 ಸೆಂ.ಮೀ. ಮೇಜಿನ ಮೇಲೆ ಸರಿಯಾಗಿ ಕೂಡುತ್ತದೆ, ಮೂರು ಸೆಂ.ಮೀ. ಉಳಿಯುತ್ತದೆ! ಪೈಲಟ್ 2.8 ಸೆಂ.ಮೀ. ಬರುತ್ತಾನೆ, ಮುಖ ಬರೆಯಬಹುದು. ಲೆಕ್ಕವೂ ಸುಲಭ. ನಿಜದ 60 ಸೆಂ.ಮೀ. ನಮ್ಮದರಲ್ಲಿ 1 ಸೆಂ.ಮೀ., ನಿಜದ 3 ಮೀಟರ್ ನಮ್ಮದರಲ್ಲಿ 5 ಸೆಂ.ಮೀ. ಐದನೇ ತರಗತಿಯವರೂ ಮಾಡಬಹುದು. ನೋಟ್‌ಬುಕ್ಕಿನ ಹಳೆಯ ರಟ್ಟು ಸಾಕು, ದುಡ್ಡು ಬೇಡ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಹಿರಿಯರು ಹೇಳಿದ್ದು ರೋಬೋಟಿನ ಕಾಲಿಗೂ ಸರಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನಗೆ ಮುಖ್ಯ ಅನಿಸಿದ ಮಾತು ಇನ್ನೂ ಹೇಳಿಲ್ಲ.

ಆ 52 ಸೆಂ.ಮೀ. ವಿಮಾನ ಮಾಡುವಾಗ ಕೆಲಸ ಮಾಡಿದ್ದು ಐದೇ ಹುಡುಗರು. ಒಂದೇ ವಿಮಾನ, ಎಲ್ಲರ ಕೈ ಎಲ್ಲಿ ಹಿಡಿಸಬೇಕು? ನಮಗೆ ಹುಡುಗಿಯರಿಗೆ, "ನೀವ್ ಬಣ್ಣದ ಹಾಳಿ ಹಚ್ರಿ, ರೋಬೋಟ್ ನಿಮಗ್ ತಿಳಿಯಲ್ಲ" ಎಂದರು. ನಾವು ಹಚ್ಚಿದೆವು. ಕೀಲು ಕಿತ್ತು ಬಂದಾಗ ಯಾಕೆ ಎಂದು ಲೆಕ್ಕ ಮಾಡಿ ತೋರಿಸಿದ್ದು ಯಾರು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಜಂಬ ಎನ್ನುತ್ತೀರಿ. ಇಷ್ಟು ಮಾತ್ರ ಹೇಳುತ್ತೇನೆ. ಅವನಿ ಚತುರ್ವೇದಿ ಅವರು ನಮ್ಮ ಬೀದರದಲ್ಲಿಯೇ ಹಾಕ್ ವಿಮಾನದ ತರಬೇತಿ ಪಡೆದರು, 2018ರಲ್ಲಿ ಒಬ್ಬರೇ ಮಿಗ್-21 ಯುದ್ಧ ವಿಮಾನ ಹಾರಿಸಿದರು. ಅವರಿಗೆ ಯಾರೂ ಬಣ್ಣದ ಹಾಳೆ ಹಚ್ಚು ಎನ್ನಲಿಲ್ಲ.

1/60ರಲ್ಲಿ ಒಂಬತ್ತು ವಿಮಾನ ಮಾಡಿದರೆ ಒಂದೊಂದಕ್ಕೆ ಮೂವರು. ಒಂಬತ್ತು ಮೂರಲೆ ಇಪ್ಪತ್ತೇಳು. ನಮ್ಮ ತರಗತಿಯಲ್ಲಿ ನಾವು ಇರುವುದೂ ಇಪ್ಪತ್ತೇಳು ಜನ! ಒಬ್ಬರು ಅಳೆಯಬೇಕು, ಒಬ್ಬರು ಕತ್ತರಿಸಬೇಕು, ಒಬ್ಬರು ಕೀಲು ಹಾಕಬೇಕು. ಮುಂದಿನ ವಾರ ಕೆಲಸ ಬದಲು ಮಾಡಿಕೊಳ್ಳಬೇಕು. ಹಿಂದಿನ ಬೆಂಚಿನವರೂ ಬರಬೇಕು. ಒಂದು ಮುರಿದರೂ ಎಂಟು ನಿಂತಿರುತ್ತವೆ. ಅಳತೆ ಆರಿಸುವಾಗ ನಾವು ವಿಮಾನ ಎಷ್ಟು ದೊಡ್ಡದು ಎಂದು ಮಾತ್ರ ಕೇಳುತ್ತೇವೆ. ಎಷ್ಟು ಜನರ ಕೈ ಅದರೊಳಗೆ ಹಿಡಿಸುತ್ತದೆ ಎಂದೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ದೊಡ್ಡದು ಮಾಡಿದರೆ ಮಾತ್ರ ಬಹುಮಾನ ಎನ್ನುವವರಿಗೆ ಒಂದು ಗಾದೆ: ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಕರ್ನಾಟಕದ ನಕಾಶೆಯಲ್ಲಿ ನಮ್ಮ ಔರಾದ ಎಲ್ಲಕ್ಕಿಂತ ಮೇಲೆ ಒಂದು ಚುಕ್ಕಿ. ಚುಕ್ಕಿ ಎಂದು ನಾವೇನು ಸಣ್ಣವರಾದೆವೇ? ಅದು ಅಳತೆ ಅಷ್ಟೆ.

ಮುಂದಿನ ಶನಿವಾರ ತರಗತಿಯಲ್ಲಿ ಕೈ ಎತ್ತಿ ನಿರ್ಣಯ ಮಾಡುವುದಿದೆ. ಯಾವ ಅಳತೆ ಆರಿಸಿದರೂ ಎರಡು ಕೆಲಸ ತಪ್ಪದೆ ಮಾಡೋಣ. ಒಂದು, ಮೇಜಿನ ಮುಂದೆ ದೊಡ್ಡ ಅಕ್ಷರದಲ್ಲಿ ಅಳತೆ ಬರೆದು ಹಚ್ಚೋಣ. ಎರಡು, ಪ್ರತಿ ವಿಮಾನದ ಪಕ್ಕದಲ್ಲಿ ಅದೇ ಅಳತೆಯ ಒಬ್ಬ ಮನುಷ್ಯನನ್ನು ನಿಲ್ಲಿಸೋಣ. ಆಗ ನಾಲ್ಕನೇ ತರಗತಿಯ ಆ ಹುಡುಗನಿಗೆ ಯಾರೂ ಏನೂ ಹೇಳಬೇಕಾಗುವುದಿಲ್ಲ, ನೋಡಿದರೆ ತಿಳಿಯುತ್ತದೆ. ನನ್ನ ಕೈ 1/60ಕ್ಕೆ. ನಿಮ್ಮ ಕೈ ಯಾವುದಕ್ಕೆ? ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿರಿ, ಆದರೆ ಲೆಕ್ಕ ಮಾಡಿ ಬರೆಯಿರಿ.

ತಪ್ಪಿದ್ದರೆ ಗುರುಗಳು ತಿದ್ದಬೇಕು, ಗೆಳೆಯರು ಕ್ಷಮಿಸಬೇಕು.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ