ಯಾರ ಕಡೆಯ ರಕ್ತ?

ಸಾಂಗ್ಲಿ, ಮಿರಜದ ನಮ್ಮ ಕನ್ನಡ ಮನೆಗಳಲ್ಲಿ ಒಬ್ಬ ಹುಡುಗನಿಗೆ ಇಲ್ಲದ ದನಿಗಳು ಕೇಳತೊಡಗಿದರೆ, ಎಲ್ಲರೂ ತನಗೆ ಕೇಡು ಬಗೆಯುತ್ತಾರೆಂದು ಅವನು ಕದ ಹಾಕಿಕೊಂಡು ಕೂತರೆ, ಮೊದಲು ಏಳುವ ಪ್ರಶ್ನೆ ಔಷಧದ್ದಲ್ಲ. ಇದು ಯಾರ ಕಡೆಯಿಂದ ಬಂತು ಎಂಬುದು. ಸೊಸೆಯ ತವರಿನ ಮೇಲೆ ಹೊರಿಸಿಬಿಟ್ಟರೆ ನ್ಯಾಯ ಮುಗಿಯಿತು. ತಂಗಿಯನ್ನು ನೋಡಲು ಬೀಗರು ಬಂದ ದಿನ ಹುಡುಗನನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಸುತ್ತಾರೆ.

ರಕ್ತದ ಮಾತು ಪೂರಾ ಸುಳ್ಳಲ್ಲ. ಸ್ಕಿಜೋಫ್ರೇನಿಯಾ ಎಂಬ ಈ ಕಾಯಿಲೆ ಸಾಮಾನ್ಯವಾಗಿ 100 ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಅವರ ಮಕ್ಕಳಲ್ಲಿ 100ಕ್ಕೆ ಸುಮಾರು 10 ಮಂದಿಗೆ. ಉಳಿದ 90 ಮಂದಿಗೆ ಬರುವುದಿಲ್ಲ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ! ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ; ಆದರೂ ಒಬ್ಬನಿಗೆ ಬಂದರೆ ಇನ್ನೊಬ್ಬನಿಗೂ ಬರುವುದು ಅರ್ಧಕ್ಕಿಂತ ಹೆಚ್ಚಿಲ್ಲ. ಈ ಕಾಯಿಲೆಗೆ ಸಂಬಂಧಿಸಿದ 287 ತಾಣಗಳನ್ನು 2022ರ ಒಂದು ಸಂಶೋಧನೆ ಗುರುತಿಸಿತು. ಅವುಗಳಲ್ಲಿ ಒಂದೊಂದರ ಪಾಲು ಬಹಳ ಚಿಕ್ಕದು. ಹೀಗಿರುವಾಗ ಒಂದು ತವರಿಗೆ ಹೊರೆ ಕಟ್ಟುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಫಿನ್ಲೆಂಡಿನ ವೈದ್ಯ ಪೆಕ್ಕಾ ತಿಯೆನಾರಿ ಮತ್ತು ಸಂಗಡಿಗರು, ಈ ಕಾಯಿಲೆಯ ತಾಯಂದಿರಿಂದ ದತ್ತು ಹೋದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2004ರಲ್ಲಿ ವರದಿ ಕೊಟ್ಟರು. ಜಗಳ, ಗೊಂದಲದ ಮನೆ ಸೇರಿದವರಲ್ಲಿ ಈ ಬಗೆಯ ಕಾಯಿಲೆಗಳು ಹೆಚ್ಚು ಕಂಡವು. ನೆಮ್ಮದಿಯ ಮನೆ ಸಿಕ್ಕವರಲ್ಲಿ ಬಹಳ ಕಡಿಮೆ. ವಂಶದಲ್ಲಿ ಆ ಕಾಯಿಲೆಯಿಲ್ಲದ ದತ್ತುಮಕ್ಕಳಿಗೆ ಮನೆಯ ಗೊಂದಲ ಅಷ್ಟಾಗಿ ತಟ್ಟಲಿಲ್ಲ. ಬೀಜವೂ ಬೇಕು, ಹವೆಯೂ ಬೇಕು.

ಹಾಗೆಂದು ಈಗ ತಾಯಿಯ ಸಾಕಣೆಯನ್ನು ಬೈಯಲು ಹೊರಡಬಾರದು. ನಮ್ಮ ಜಿಲ್ಲೆಯ ಕಬ್ಬಿನ ಹೊಲಗಳನ್ನೇ ನೋಡಿರಿ. ಬೀಡ, ಜತ್, ವಿಜಯಪುರದ ಕಡೆಯಿಂದ ಮುಕಾದಮನ ಮುಂಗಡ ಹಿಡಿದು ಬಂದವರು ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯವರೆಗೆ ಗುಡಿಸಲಲ್ಲಿರುತ್ತಾರೆ. ಬೆಳಕು ಹರಿಯುವ ಮುಂಚೆ ತಾಯಿ ಕೊಯಿತಾ ಹಿಡಿಯುತ್ತಾಳೆ. ಎಂಟು ವರ್ಷದ ಹುಡುಗಿ ಶಾಲೆ ಬಿಟ್ಟು ಕೂಸನ್ನು ನೋಡುತ್ತಾಳೆ. ಇಂಥ ಮಕ್ಕಳಿಗೆಲ್ಲ ಕಾಯಿಲೆ ಬರುತ್ತದೆಂದಲ್ಲ. ಬಹುಪಾಲು ಮಕ್ಕಳಿಗೆ ಬರುವುದೇ ಇಲ್ಲ. ಆದರೆ ಹುಟ್ಟಿನಿಂದಲೇ ಸೂಕ್ಷ್ಮವಾದ ಮಗುವಿಗೆ ದಿನವೂ ಹಸಿವು, ಹೊಡೆತ, ಭಯ ಎಂದರೆ ಅದು ಬೇರೆ ಲೆಕ್ಕ. ವಂಶವಾಹಿಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಹಂಗಾಮಿನಲ್ಲಿ ಕಾರ್ಖಾನೆಯ ಬಳಿ ಕೂಸಿನ ಮನೆ, ಶಾಲೆ ನಡೆಸುವುದು ಕೈಯಲ್ಲಿದೆ. ಮಹಾರಾಷ್ಟ್ರದಲ್ಲೇ ಸಾಖರ್ ಶಾಲೆಗಳು ನಡೆದದ್ದುಂಟು. ಕಾರ್ಮಿಕ ಸಂಘಗಳು ಕೂಲಿಯ ದರದೊಡನೆ ಇದನ್ನೂ ಕೇಳಬೇಕು.

ಈಗಾಗಲೇ ಕಾಯಿಲೆ ಬಿದ್ದವರಿದ್ದರೆ ದೇವಋಷಿಯ ಬಾಗಿಲಲ್ಲಿ ತಿಂಗಳು ಕಳೆಯಬೇಡಿರಿ. ಬೇಗ ಔಷಧ ಸಿಕ್ಕಷ್ಟೂ ಗುಣ ಹೆಚ್ಚು. 2022ರಿಂದ ಸರಕಾರದ ಟೆಲಿ-ಮಾನಸ್ ದೂರವಾಣಿಯಿದೆ. 14416ಕ್ಕೆ ಹಣವಿಲ್ಲದೆ ಮಾತಾಡಬಹುದು, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ.