ಬಾಗಿಲು ಮುಚ್ಚಿದವರು ಯಾರು?

ಮೈಸೂರಿನ ಸರಸ್ವತಿಪುರಂ ಮಾನಸಗಂಗೋತ್ರಿಗೆ ಸಮೀಪದ ಬಡಾವಣೆ. ಊರೂರುಗಳಿಂದ ಬರುವ ವಿದ್ಯಾರ್ಥಿಗಳು, ನೌಕರರು ಇಲ್ಲಿ ಬಾಡಿಗೆ ಮನೆ ಹುಡುಕುತ್ತಾರೆ. ಹೆಸರು ಹೇಳಿದೊಡನೆ 'ಮನೆ ಖಾಲಿಯಿಲ್ಲ' ಎಂಬ ಉತ್ತರ ಕೇಳುವ ಅವಮಾನ ಯಾವ ನಗರದ ಮುಸ್ಲಿಮರಿಗೂ ಹೊಸತಲ್ಲ. ಅದು ಅನ್ಯಾಯವೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಆದರೆ ನಡೆ-ನುಡಿ, ಉಡುಪಿನ ಕಾರಣಕ್ಕೆ ಬಾಡಿಗೆ ಮನೆ ಮಾತ್ರವಲ್ಲ, ಹುಟ್ಟಿದ ಮನೆಯ ಬಾಗಿಲನ್ನೂ ಕಳಕೊಂಡವರ ಬಗ್ಗೆ ನಾವೇನು ಹೇಳಿದ್ದೇವೆ?

2011ರ ಜನಗಣತಿಯಲ್ಲಿ ಗಂಡು-ಹೆಣ್ಣು ಎರಡೂ ಅಲ್ಲದ 'ಇತರ' ವಿಭಾಗದಲ್ಲಿ ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ದಾಖಲಾದರು. ಹೇಳಿಕೊಳ್ಳಲು ಅಂಜಿದವರು ಈ ಲೆಕ್ಕದಲ್ಲಿಲ್ಲ. ಇವರಾರೂ ಆಕಾಶದಿಂದ ಉದುರಿದವರಲ್ಲ. ಒಬ್ಬ ತಾಯಿಯ ಮಡಿಲಲ್ಲಿ, ಒಂದು ಮೊಹಲ್ಲಾದಲ್ಲಿ ಬೆಳೆದವರು. ನಮ್ಮ ಮೊಹಲ್ಲಾಗಳೂ ಇದಕ್ಕೆ ಹೊರತಲ್ಲ.

ಮನೆಯಿಂದ ಹೊರಬಿದ್ದವರಿಗೆ ಹಿಂದಿನಿಂದಲೂ ಆಸರೆಯಾದದ್ದು ಗುರು-ಚೇಲಾ ಪದ್ಧತಿಯ ಹಿಜ್ರಾ ಜಮಾತ್‌ಗಳು. ಅಲ್ಲಿ ಸೂರು ಸಿಕ್ಕಿತು. ಆದರೆ ದುಡಿಮೆಯೆಂದರೆ ಬಹುಪಾಲು ಭಿಕ್ಷೆ ಇಲ್ಲವೇ ಲೈಂಗಿಕ ದುಡಿಮೆಯಾಗಿತ್ತು. ಇನ್ನೊಂದು ಬಗೆಯ ಆಸರೆಗೆ ಮಂಜಮ್ಮ ಜೋಗತಿಯವರ ಬದುಕು ಸಾಕ್ಷಿ. ಮನೆಯಿಂದ ಹೊರಗಾಗಿ ಸಾವಿನ ಅಂಚಿಗೆ ಹೋಗಿದ್ದ ಅವರು ಜೋಗತಿಯರ ನಡುವೆ ಕಲೆ ಕಲಿತರು, ಬದುಕು ಕಟ್ಟಿಕೊಂಡರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಕಳೆದ ಎರಡೂವರೆ ದಶಕಗಳಲ್ಲಿ ಹೊಸ ಸಂಘಟನೆಗಳು ಹುಟ್ಟಿವೆ. ಬೆಂಗಳೂರಿನಲ್ಲಿ 1999ರಲ್ಲಿ 'ಸಂಗಮ' ಆರಂಭವಾಯಿತು. ಮೈಸೂರಿನಲ್ಲಿ 2004ರಲ್ಲಿ ಶುರುವಾದ ಎಚ್‌ಐವಿ ತಡೆ ಕಾರ್ಯಕ್ರಮದಿಂದ 'ಆಶೋದಯ ಸಮಿತಿ' ಬೆಳೆಯಿತು. ಅದು ಲೈಂಗಿಕ ಕಾರ್ಯಕರ್ತರೇ ನಡೆಸುವ ಸಂಘಟನೆ. ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರೂ ಅದರಲ್ಲಿದ್ದಾರೆ. ಇಂತಹ ಸಂಘಗಳು ಕೊಡುವುದು ಬಹಳ ಸರಳವಾದುದು: ಕೂತು ಮಾತಾಡಲು ಒಂದು ಜಾಗ, ಆಸ್ಪತ್ರೆಗೆ ಹೋಗುವಾಗ ಒಬ್ಬ ಜೊತೆಗಾರ, ಠಾಣೆಯಲ್ಲಿ ಪರವಾಗಿ ನಿಲ್ಲುವ ಒಂದು ದನಿ. ತಾನೊಬ್ಬನೇ ಹೀಗೆ ಎಂದು ಕುಗ್ಗಿದ್ದ ವ್ಯಕ್ತಿ ತನ್ನಂತೆ ಇನ್ನೂ ಹಲವರಿದ್ದಾರೆಂದು ತಿಳಿದಾಗ ತಲೆಯೆತ್ತುತ್ತಾನೆ, ತಲೆಯೆತ್ತುತ್ತಾಳೆ.

ಆ ಆತ್ಮವಿಶ್ವಾಸ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಲಾದ 36ಎ ಕಲಮು ಇವರ ಪಟ್ಟಿ ಇಟ್ಟು ನಿಗಾ ವಹಿಸಲು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಒಂದಿಡೀ ಸಮುದಾಯವನ್ನೇ ಶಂಕಿತರ ಪಟ್ಟಿಯಲ್ಲಿಡುವುದೆಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಸಂಘಟನೆಗಳು ಹೈಕೋರ್ಟಿಗೆ ಹೋದವು. ಕೊನೆಗೆ ಸರಕಾರ ಆ ಕಲಮನ್ನು ತಿದ್ದಿತು. 2014ರ ಏಪ್ರಿಲ್ 15ರಂದು ಸುಪ್ರೀಮ್ ಕೋರ್ಟು ಇವರ ಲಿಂಗತ್ವದ ಗುರುತನ್ನು ಮಾನ್ಯ ಮಾಡಿತು. 'ಸಂಗಮ'ದ ಅರ್ಜಿಯ ಫಲವಾಗಿ 2021ರಲ್ಲಿ ಕರ್ನಾಟಕವು ಸರಕಾರಿ ನೇಮಕಾತಿಯಲ್ಲಿ ಶೇಕಡಾ 1 ಮೀಸಲಾತಿ ನೀಡಿತು. ದೇಶದಲ್ಲೇ ಇದು ಮೊದಲು.

'ಈ ಸಂಘಗಳೇ ನಮ್ಮ ಮಕ್ಕಳನ್ನು ದಾರಿ ತಪ್ಪಿಸುತ್ತವೆ' ಎಂದು ಕೆಲವರು ದೂರುತ್ತಾರೆ. ಆದರೆ ಸಂಘಗಳಿಲ್ಲದ ಕಾಲದಲ್ಲೂ ಇಂತಹ ಮಕ್ಕಳು ಹುಟ್ಟಿದ್ದರು, ಮನೆ ತೊರೆದಿದ್ದರು. ಸಂಘದ ಬಾಗಿಲು ತೆರೆಯುವ ಮೊದಲು ಮನೆಯ ಬಾಗಿಲು ಮುಚ್ಚಿರುತ್ತದೆ ಎಂಬುದನ್ನು ನಾವು ಮರೆಯಬಾರದು.

ಹುಟ್ಟಿನಿಂದಲೇ ಲಿಂಗ ಅಸ್ಪಷ್ಟವಾಗಿರುವವರನ್ನು ಇಸ್ಲಾಮೀ ಕರ್ಮಶಾಸ್ತ್ರವು 'ಖುನ್ಸಾ' ಎಂದು ಗುರುತಿಸಿದೆ. ಅವರ ವಾರೀಸು ಪಾಲೆಷ್ಟು, ನಮಾಝಿನ ಸಾಲಿನಲ್ಲಿ ಸ್ಥಾನವೆಲ್ಲಿ ಎಂದು ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಅಂದರೆ ಅವರು ಮನೆಯಲ್ಲೂ ಮಸೀದಿಯಲ್ಲೂ ಇರುವರೆಂದೇ ಅವರು ಭಾವಿಸಿದ್ದರು. ಲಿಂಗತ್ವ ಅಲ್ಪಸಂಖ್ಯಾತರೆಲ್ಲರೂ ಈ ವರ್ಗಕ್ಕೆ ಸೇರುವುದಿಲ್ಲ ನಿಜ. ಶಸ್ತ್ರಚಿಕಿತ್ಸೆಯಂತಹ ವಿಷಯಗಳಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಆದರೆ ಮಗುವನ್ನು ಹೊಡೆದು ಬೀದಿಗೆ ತಳ್ಳಲು, ಮೊಹಲ್ಲಾದಲ್ಲಿ ಗೇಲಿ ಮಾಡಲು ಯಾವ ಭಿನ್ನಾಭಿಪ್ರಾಯವೂ ಅನುಮತಿಯಾಗದು. ಆದಮರ ಸಂತತಿಗೆ ಅಲ್ಲಾಹನು ಕೊಟ್ಟ ಗೌರವಕ್ಕೆ ನಾವು ಶರತ್ತು ವಿಧಿಸುವವರಲ್ಲ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ: ಮಗುವಿನ ಶಾಲೆ ಬಿಡಿಸಬೇಡಿ. 'ಮದುವೆಯಾದರೆ ಸರಿಹೋಗುತ್ತದೆ' ಎಂದು ಬಲವಂತದ ನಿಕಾಹ್ ಮಾಡಿಸಬೇಡಿ. ಅದರಿಂದ ಇನ್ನೊಂದು ಮನೆಯ ಅಮಾಯಕ ಮಗಳ ಬಾಳೂ ಹಾಳಾಗುತ್ತದೆ. ಜಮಾಅತ್ ಕಮಿಟಿಗಳು ಇಂತಹವರ ಆಸ್ತಿ ಪಾಲಿನ ತಕರಾರಿಗೆ ಕಿವಿಗೊಡಲಿ, ಅವರ ಜನಾಝಕ್ಕೆ ಹೆಗಲು ಕೊಡಲಿ. ಅಂಗಡಿ, ಹೊಲಿಗೆ ಮಳಿಗೆ ಇರುವವರು ಒಬ್ಬರಿಗಾದರೂ ಕೆಲಸ ಕೊಡಲಿ.

ಮನೆ ಖಾಲಿಯಿಲ್ಲ ಎಂದು ಕೇಳಿಸಿಕೊಂಡ ಸಮುದಾಯವು ತನ್ನದೇ ಮಕ್ಕಳಿಗೆ ಅದೇ ಮಾತನ್ನು ಹೇಳಬಾರದು.